ಹನ್ನೊಂದನೆಯ ಹಾಸಿಗೆಯ ಪ್ರಶ್ನಾವಳಿ

ನಮ್ಮ ಊರಲ್ಲಿ ಒಬ್ಬರು ದಿನಕ್ಕೆ ಏಳು ಪ್ರಶ್ನೆಗಳಿಗೆ ಮಾತ್ರ ಉತ್ತರ ಕೊಡಬಲ್ಲರು. ಎಂಟನೆಯದಕ್ಕೆ ಬಿಕ್ಕಳಿಕೆ ಬರುತ್ತದೆ. ಹಾಗೆ ಬಿಕ್ಕಳಿಸಿದ ಮೇಲೆ ಮರುದಿನ ಸೂರ್ಯ ಹುಟ್ಟುವವರೆಗೆ ಆ ವಿಷಯವಾಗಿ ಅವರ ಬಾಯಿಂದ ಒಂದು ಮಾತೂ ತಾನಾಗಿ ಹೊರಡುವುದಿಲ್ಲ, ಬೆರಳು ಕೂಡ ಆ ಕಡೆ ತೋರಿಸುವುದಿಲ್ಲ. ಬೇರೆ ಏನು ಬೇಕಾದರೂ ಮಾತಾಡಬಹುದು. ಕೇಳದೆ ಸುಮ್ಮನಿದ್ದಿದ್ದರೆ ಅದನ್ನೂ ಹೇಳಿಬಿಡುತ್ತಿದ್ದರೋ ಏನೋ.

ಹಾಗಾಗಿ ಇಲ್ಲಿ ಯಾರೂ ಪ್ರಶ್ನೆಗಳನ್ನು ಚೆಲ್ಲಾಡುವುದಿಲ್ಲ. ಎದುರು ಸಿಕ್ಕವರು "ಊಟ ಆಗೇತಿ ನಿಮ್ಮದು" ಎಂದು ಹೇಳಿ ಮುಂದೆ ಹೋಗುತ್ತಾರೆ. ಶಾಲೆಯ ಪರೀಕ್ಷೆಯಲ್ಲಿ ಐದೇ ಪ್ರಶ್ನೆ, ಉಳಿದ ಎರಡು ಮನೆಯವರಿಗೆ. ಹೆಣ್ಣು ನೋಡಲು ಬಂದವರು ಮಾತ್ರ ಧಾರಾಳಿಗಳು. ಅಡುಗೆ, ಹೊಲಿಗೆ, ಹಾಡು ಎಂದು ಏಳನ್ನೂ ಮುಗಿಸಿ, ಕೊನೆಗೆ ಹುಡುಗ ಒಪ್ಪಿಗೆಯೇ ಎಂದು ಕೇಳುತ್ತಾರೆ. ಹುಡುಗಿ ಬಿಕ್ಕಳಿಸುತ್ತಾಳೆ. ಅದನ್ನು ನಾಚಿಕೆ ಎಂದುಕೊಂಡು ಮದುವೆ ಮಾಡುತ್ತಾರೆ.

ನಾನು ಈ ಊರಿಗೆ ಸೊಸೆಯಾಗಿ ಬಂದವಳು. ನಾನು ಓದಿದ ವಿಶ್ವವಿದ್ಯಾಲಯ ಬೇರೆ ಕಡೆ ಇದೆ. ಅಲ್ಲಿ ಕೇಳಿದ್ದಕ್ಕೆಲ್ಲ ಜನ ಉತ್ತರ ಕೊಡುತ್ತಾರೆ, ಗೊತ್ತಿಲ್ಲದಿದ್ದರೂ ಕೊಡುತ್ತಾರೆ. ಪ್ರಶ್ನಾವಳಿ ತಯಾರಿಸುವುದನ್ನು ನಾನು ಅಲ್ಲಿ ಕಲಿತೆ. ರೋಗಿಗಳನ್ನು ಏನು ಕೇಳಬೇಕು, ಹೇಗೆ ಕೇಳಬೇಕು, ಯಾವುದನ್ನು ಮೊದಲು ಕೇಳಬೇಕು ಎಂಬುದರ ಮೇಲೆ ಇನ್ನೂರು ಪುಟದ ಪ್ರಬಂಧ ಬರೆದೆ. ಅದಕ್ಕೆ ಚಿನ್ನದ ಪದಕ ಬರಲಿಲ್ಲ. ಒಂದು ಫ್ಲಾಸ್ಕ್ ಬಂತು.

ಊರಿನ ಆಸ್ಪತ್ರೆಯಲ್ಲಿ ಗುರುಪಾದ ಎಂಬ ಗುಮಾಸ್ತನಿದ್ದಾನೆ. ಮೂವತ್ತು ವರ್ಷದ ಹಿಂದೆ ಅಲ್ಲಿ ಒಂದೇ ಹೆಸರಿನ ಇಬ್ಬರು ಅದಲುಬದಲಾಗಿ, ಒಬ್ಬನ ಅಪೆಂಡಿಕ್ಸ್ ತೆಗೆಯುವ ಬದಲು ಇನ್ನೊಬ್ಬನದನ್ನು ತೆಗೆದರಂತೆ. ಅಂದಿನಿಂದ ಪ್ರತಿದಿನ ಬೆಳಿಗ್ಗೆ ಏಳಕ್ಕೆ ಗುರುಪಾದ ಒಂದು ಉದ್ದನೆಯ ಬುಕ್ಕು ಹಿಡಿದು ಹಾಸಿಗೆ ಹಾಸಿಗೆಗೂ ಹೋಗುತ್ತಾನೆ. ಹೆಸರು, ತಂದೆಯ ಅಥವಾ ಗಂಡನ ಹೆಸರು, ವಯಸ್ಸು, ಓಣಿ, ಜಾತಿ, ಉದ್ಯೋಗ, ಮೈಮೇಲಿನ ಮಚ್ಚೆ. ನಿನ್ನೆಯ ಉತ್ತರಕ್ಕೂ ಇವತ್ತಿನದಕ್ಕೂ ತಾಳೆ ನೋಡುತ್ತಾನೆ. ಲೆಕ್ಕ ಹಾಕಿದರೆ ಸರಿಯಾಗಿ ಏಳು. ಎಂಟು ಗಂಟೆಗೆ ಇಡೀ ಆಸ್ಪತ್ರೆಯ ಉತ್ತರಗಳು ಖಾಲಿ. ಆಮೇಲೆ ನರ್ಸ್ ಬಂದು ನೋವಿದೆಯೇ ಎಂದರೆ ಬಿಕ್ಕಳಿಕೆ. ಬಿಕ್ಕಳಿಕೆಯನ್ನು ಕೇಸ್ ಶೀಟಿನಲ್ಲಿ 'ತೊಂದರೆ ಇಲ್ಲ' ಎಂದು ಬರೆಯುವುದು ಪದ್ಧತಿ.

ನನ್ನ ಗಂಡ ಚಿದಂಬರ ಅಲ್ಲಿ ಮೂರು ದಿನ ಇದ್ದ. ಮೂರನೆಯ ದಿನ ಬೆಳಿಗ್ಗೆ ಗುರುಪಾದನಿಗೆ ಅವನು ಕೊಟ್ಟ ಕೊನೆಯ ಉತ್ತರ 'ಎಡ ಭುಜದ ಮೇಲೆ'. ಮಧ್ಯಾಹ್ನ ನನ್ನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದ. ನಾನು ಓದಿದವಳು. ಎಲ್ಲಿ ನೋಯುತ್ತಿದೆ ಎಂದು ಕೇಳಿಬಿಟ್ಟೆ. ಅವನು ಬಿಕ್ಕಳಿಸಿದ. ನರ್ಸ್ ನೀರು ಕೊಟ್ಟಳು. ನಾಲ್ಕು ಗಂಟೆಗೆ ತೀರಿಕೊಂಡ.

ಆರು ತಿಂಗಳ ನಂತರ ಆಸ್ಪತ್ರೆಯ ಹಿರಿಯ ನರ್ಸ್ ಎಸ್ತರ್ ಸಿಸ್ಟರ್ ಮನೆಗೆ ಬಂದರು. ಅವರು ದಪ್ಪ ಹೆಂಗಸು, ಕೂರುವ ಮೊದಲು ಕುರ್ಚಿಯನ್ನು ಅನುಮಾನದಿಂದ ನೋಡುತ್ತಾರೆ. ಗುರುಪಾದನ ಬುಕ್ಕು ನಿಲ್ಲಿಸಬೇಕೆಂದು ಅವರು ಸೂಪರಿಂಟೆಂಡೆಂಟ್ ಡಾಕ್ಟರ್ ಇನಾಮದಾರರ ಹಿಂದೆ ಬಿದ್ದು ವರ್ಷಗಳಾಗಿದ್ದವು.

"ಡಾಕ್ಟರು ಈಗ ಒಂದು ಮಾತಂದಾರ," ಎಂದರು. "ಬಾಯಿಮಾತು ಬ್ಯಾಡ ಸಿಸ್ಟರ್, ಸಂಶೋಧನಾ ಮಾಡ್ರಿ ಅಂದ್ರು. ಮೂವತ್ತು ಪೇಶಂಟು, ಎಲ್ಲಾರಿಗೂ ಒಂದ ಫಾರ್ಮು. ಕೇಸ್ ಶೀಟಿನ್ಯಾಗ ಇರಲಾರದ ನೋವು ಎಷ್ಟದಾವ ಅಂತ ಅಂಕಿ ತೋರಿಸಿದ್ರ ಬುಕ್ಕು ಬಂದ್. ಇಲ್ಲಂದ್ರ ಈ ವಿಷಯ ನಾವು ಮತ್ತ ಎತ್ತಂಗಿಲ್ಲ. ನೀವು ಇಂಥಾದ್ರಾಗ ಓದೀರಿ."

ನಾನು ಒಪ್ಪಿದೆ. ಮಾಡಲು ಬೇರೆ ಕೆಲಸ ಇರಲಿಲ್ಲ.

ಹದಿನೆಂಟು ಪ್ರಶ್ನೆಗಳ ಕರಡು ಬರೆದೆ. ಅದು ಕಚೇರಿಗಳನ್ನೆಲ್ಲ ಸುತ್ತಿ ಬರುವಾಗ ನಲವತ್ತೆರಡಾಗಿತ್ತು. ಗೋಡೆಯ ಬಣ್ಣ ಹಿತವಾಗಿದೆಯೇ ಎಂದು ಒಬ್ಬರು ಸೇರಿಸಿದ್ದರು. ಡಾಕ್ಟರರ ಮುಖಭಾವ ಹೇಗಿರುತ್ತದೆ ಎಂದು ಇನ್ನೊಬ್ಬರು, ಬಹುಶಃ ಡಾಕ್ಟರರೇ. ನಾನು ಎಲ್ಲವನ್ನೂ ಹೊಡೆದು ಹಾಕುತ್ತಾ ಬಂದೆ. 'ನೋವು ಮತ್ತು ನಿದ್ದೆ ಹೇಗಿವೆ' ಎನ್ನುವುದು ನೋಡಲು ಒಂದು, ಎಣಿಸಿದರೆ ಎರಡು. ದೇಹಕ್ಕೆ ಲೆಕ್ಕ ಚೆನ್ನಾಗಿ ಬರುತ್ತದೆ. 'ನರ್ಸ್‌ಗಳು ಪ್ರೀತಿಯಿಂದ ನೋಡಿಕೊಳ್ಳುತ್ತಾರಲ್ಲವೇ' ಎಂಬುದರಲ್ಲಿ ಉತ್ತರವೂ ಒಳಗೇ ಇದೆ, ರೋಗಿಯ ಅಗತ್ಯವೇ ಇಲ್ಲ. ಏಳಕ್ಕೆ ಇಳಿಸಿದೆ. ಮೂರಕ್ಕೆ ಇಳಿಸಿದೆ. ಒಂದಕ್ಕೂ ಇಳಿಸಿದೆ. ಪ್ರಯೋಜನವಾಗಲಿಲ್ಲ. ಗುರುಪಾದ ಮುಂಚೆಯೇ ಬಂದು ಹೋಗಿರುತ್ತಿದ್ದ. ನನ್ನ ಒಂದೇ ಪ್ರಶ್ನೆಗೆ ಇಡೀ ವಾರ್ಡು ಸಾಲಾಗಿ ಬಿಕ್ಕಳಿಸಿತು. ಅವನಿಗಿಂತ ಮೊದಲು ಹೋಗೋಣವೆಂದರೆ, ನಿಯಮದ ಪ್ರಕಾರ ಗುರುತು ಖಚಿತವಾಗದ ರೋಗಿಯ ಹತ್ತಿರ ಯಾರೂ ಹೋಗುವಂತಿಲ್ಲ.

ಆ ಫಾರ್ಮುಗಳನ್ನು ಹಿಡಿದುಕೊಂಡು ನಾನು ನಮ್ಮ ಹಿಟ್ಟಿನ ಗಿರಣಿಗೆ ಹೋದೆ. ಗಿರಣಿ ನಡೆಸುವುದು ನನ್ನ ಅತ್ತೆ ನೀಲವ್ವ. ರೆಪ್ಪೆಯ ಮೇಲೂ ಹಿಟ್ಟು ಕೂತಿರುತ್ತದೆ. ಮಗ ಹೋದ ಮೇಲೂ ಒಂದು ದಿನ ಗಿರಣಿ ಮುಚ್ಚಲಿಲ್ಲ. ಜನ ರೊಟ್ಟಿ ತಿನ್ನಬೇಕಲ್ಲ ಎಂದರು.

"ಇನ್ನೂರು ಪುಟ ಬರದಾಕಿ," ಎಂದು ನನ್ನ ಕೈಯ ಕಾಗದ ನೋಡಿ ನಕ್ಕರು. "ಒಂದು ಮಾತು ಹೊರಗ ತಗಿಯಾಕ ಬರವಲ್ದು. ನೋಡಿಲ್ಲೆ."

ಜೋಳದ ಬುಟ್ಟಿ ಇಳಿಸುತ್ತಿದ್ದ ಹೆಂಗಸಿನ ಕಡೆ ತಿರುಗಿ, "ನಿನ್ನ ಮಗಳನ್ನ ಆ ಮಾಸ್ತರಗ ಕೊಟ್ರಂತಲ್ಲವಾ, ಚಲೋ ಆತು ಬಿಡು," ಎಂದರು.

"ಮಾಸ್ತರಗ ಅಲ್ಲಬೇ!" ಎಂದು ಅವಳು ಬುಟ್ಟಿ ಬಿಟ್ಟು ನಿಂತಳು. "ಅವನ ತಮ್ಮಗ. ಅವಂದು ಬಟ್ಟಿ ಅಂಗಡಿ. ಮಾಸ್ತರಗ ಆಗಲೇ ಎರಡು ಅದಾವ!" ಹತ್ತು ನಿಮಿಷ ಹೇಳಿದಳು. ಒಂದು ಉತ್ತರವೂ ಖರ್ಚಾಗಲಿಲ್ಲ, ಏಕೆಂದರೆ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ತಪ್ಪು ತಿದ್ದುವುದು ಉತ್ತರವಲ್ಲ. ಬಿಕ್ಕಳಿಕೆ ಕಟ್ಟಿದ ಬಾಯಿಯನ್ನೂ ಅದು ಬಿಚ್ಚುತ್ತದೆ. ಪೇಟೆಯ ಜನರೆಲ್ಲ ಹೀಗೆಯೇ ಬದುಕುತ್ತಾರೆ. ನಾನು ಅದನ್ನು ಕೇಳಿದ್ದೆ. ಪೇಟೆಯ ಮಾತು ಎಂದು ಪಕ್ಕಕ್ಕಿಟ್ಟಿದ್ದೆ.

ಅವಳು ಹೋದ ಮೇಲೆ ನೀಲವ್ವ ಯಂತ್ರದ ಕಡೆ ಮುಖ ಮಾಡಿ ಹೇಳಿದರು. "ಅವತ್ತು ನಾ ಅಲ್ಲಿದ್ದಿದ್ರ, ಲೇ ಚಿದ್ಯಾ, ನಿನಗ ಹಲ್ಲು ನೋವು ಅಂತಿದ್ದೆ. ಹಲ್ಲಲ್ಲಬೇ ಯವ್ವಾ, ಎದಿ, ಅಂತಿದ್ದ ಅವ."

ನಾನು ಹಿಟ್ಟಿನ ಡಬ್ಬಿಯ ಮುಚ್ಚಳ ಹಾಕಿದೆ. ಅದು ಸರಿಯಾಗಿ ಕೂರಲಿಲ್ಲ. ಇನ್ನೊಮ್ಮೆ ಹಾಕಿದೆ.

ಆ ವಾರ ಪ್ರಶ್ನಾವಳಿಯಿಂದ ಪ್ರಶ್ನೆಗಳನ್ನೆಲ್ಲ ತೆಗೆದು ಒಂಬತ್ತು ತಪ್ಪು ವಾಕ್ಯಗಳನ್ನು ಬರೆದೆ. ನಿಮಗೆ ಎಲ್ಲೂ ನೋವಿಲ್ಲ. ರಾತ್ರಿಯೆಲ್ಲ ಸುಖವಾಗಿ ನಿದ್ದೆ ಮಾಡಿದಿರಿ. ಗಾಯ ಪೂರ್ತಿ ಒಣಗಿದೆ. ಇಂಥವು. ರೋಗಿ ತಿದ್ದಿದರೆ ತಿದ್ದಿದ್ದನ್ನು ಬರೆದುಕೊಳ್ಳುವುದು, ಹೂಂ ಎಂದರೆ ಟಿಕ್ ಹಾಕುವುದು. ಐದನೆಯ ವಾಕ್ಯ ಬೇರೆ ಬಗೆಯದು: ನೀವು ಈ ಆಸ್ಪತ್ರೆಯ ವಾಚ್‌ಮನ್. ರೋಗಿ ಕಿವಿಗೊಟ್ಟು ಕೇಳುತ್ತಿದ್ದಾರೋ ಇಲ್ಲವೋ ಎಂದು ತಿಳಿಯಲು ಒಂದು ಸುಳ್ಳನ್ನು ನಡುವೆ ಇಡಬೇಕೆಂದು ವಿಶ್ವವಿದ್ಯಾಲಯದಲ್ಲಿ ಹೇಳಿಕೊಟ್ಟಿದ್ದರು. ಉಳಿದ ಎಂಟೂ ಸುಳ್ಳೇ ಆಗಿರುವಾಗ ಅದು ಹೇಗೆ ಬೇರೆ ಎಂದು ಎಸ್ತರ್ ಸಿಸ್ಟರ್ ಗೊಣಗಿದರು. ಇದು ದೊಡ್ಡ ಸುಳ್ಳು ಎಂದೆ.

ಗಂಡಸರ ವಾರ್ಡಿನಲ್ಲಿ ಅದ್ಭುತವಾಗಿ ನಡೆಯಿತು. ತಪ್ಪು ತಿದ್ದುವ ಅವಕಾಶ ಸಿಕ್ಕರೆ ಗಂಡಸರಿಗೆ ಅರ್ಧ ಕಾಯಿಲೆ ವಾಸಿ.

"ನೋವಿಲ್ಲಂತ!" ಎಂದು ಒಬ್ಬರು ಎದ್ದು ಕೂತರು. "ಬಾ, ನೀನ ಮಲಕೋ ಇಲ್ಲೆ, ತಿಳೀತೈತಿ. ಈ ಪಟ್ಟಿ ಕೆಳಗ ನಾಕು ದಿನದಿಂದ ಇರಿವಿ ಹರದಂಗ ಆಗಾಕತ್ತೇತಿ."

ಐದನೆಯ ವಾಕ್ಯಕ್ಕೆ ಒಬ್ಬ ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಕೆಂಪಗಾದರು. "ವಾಚ್‌ಮನ್ ಅಂತ ನಿಮ್ಮ ಡಾಕ್ಟರಗ ಅನ್ನವಾ! ನಾ ಮೂರು ಮೆಡಲ್ ತಗೊಂಡಾಂವ." ಮೆಡಲ್ಲುಗಳ ಜೊತೆಗೆ ಎರಡು ದಿನದಿಂದ ಮೂತ್ರದಲ್ಲಿ ರಕ್ತ ಹೋಗುತ್ತಿರುವುದೂ ಹೊರಬಿತ್ತು. ಕೇಸ್ ಶೀಟಿನಲ್ಲಿ ತೊಂದರೆ ಇಲ್ಲ ಎಂದಿತ್ತು.

ಹೀಗೆ ಇಪ್ಪತ್ತನಾಲ್ಕಾದವು. ಕೊನೆಯ ಆರು ಹೆಂಗಸರ ವಾರ್ಡಿನವು. ಅಲ್ಲಿ ಐವರು ತಮ್ಮದನ್ನು ತಿದ್ದಿದ್ದಲ್ಲದೆ ಪಕ್ಕದವರದನ್ನೂ ತಿದ್ದಿದರು. ಮೂವತ್ತನೆಯವಳು ಹನ್ನೊಂದನೆಯ ಹಾಸಿಗೆಯ ಕಸ್ತೂರಿ. ಹತ್ತೊಂಬತ್ತು ವರ್ಷ, ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿ ನಾಲ್ಕನೆಯ ದಿನ. ಮಗು ತೊಟ್ಟಿಲಲ್ಲಿತ್ತು, ಅವಳ ಅತ್ತೆ ಸ್ಟೂಲಿನ ಮೇಲಿದ್ದಳು. ನಾನು ಒಂಬತ್ತು ವಾಕ್ಯಗಳನ್ನು ಓದಿದೆ. ಅವಳು ಒಂಬತ್ತಕ್ಕೂ "ಹೂಂ ರೀ" ಎಂದಳು. ಇವಳೊಬ್ಬಳಾದರೂ ಆರಾಮವಾಗಿದ್ದಾಳೆ ಎಂದುಕೊಂಡು ಟಿಕ್ ಹಾಕಿದೆ. ಎಲ್ಲ ಫಾರ್ಮುಗಳನ್ನೂ ಡಾಕ್ಟರರ ಮೇಜಿನ ಮೇಲಿಟ್ಟೆ. ಆಗ ಹತ್ತು ಗಂಟೆ.

ಹನ್ನೊಂದಕ್ಕೆ ಅವನ್ನು ವಾಪಸ್ ತಂದು ಕೋಷ್ಟಕ ತಯಾರಿಸಲು ಕೂತೆ. ಐದನೆಯ ವಾಕ್ಯದ ಎದುರು ಇಪ್ಪತ್ತೊಂಬತ್ತು ಬೈಗುಳಗಳಿದ್ದವು. ಒಂದು ಟಿಕ್ ಇತ್ತು. ಕಸ್ತೂರಿ ತಾನು ಆಸ್ಪತ್ರೆಯ ವಾಚ್‌ಮನ್ ಎಂದು ಒಪ್ಪಿಕೊಂಡಿದ್ದಳು.

ಅವಳು ಕಿವಿಗೊಡದೆ ಇರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. ಹುಟ್ಟಿದಾಗಿನಿಂದ ಅವಳು ಯಾರ ಮಾತನ್ನೂ ತಿದ್ದಿದವಳಲ್ಲ, ಅಷ್ಟೆ. ತಿದ್ದುವ ಧೈರ್ಯ ಇರುವವರಿಗಾಗಿ ಮಾತ್ರ ನಾನು ಪ್ರಶ್ನಾವಳಿ ಬರೆದಿದ್ದೆ.

ಓಡಿದೆ. ವಾರ್ಡಿನಲ್ಲಿ ಕಸ್ತೂರಿಯ ಅತ್ತೆ ಗಂಟು ಕಟ್ಟುತ್ತಿದ್ದಳು. ಡಾಕ್ಟರು ಬೆಳಗಿನ ಸುತ್ತಿನಲ್ಲಿ ನೋವಿದೆಯೇ ಎಂದು ಕೇಳಿದ್ದರು, ಬಿಕ್ಕಳಿಕೆ ಬಂದಿತ್ತು. ಆಮೇಲೆ ನನ್ನ ಫಾರ್ಮು ನೋಡಿ ಮನೆಗೆ ಕಳಿಸಲು ಬರೆದಿದ್ದರು. ಅವಳ ಊರು ಹೊಳೆಯ ಆಚೆ. ದೋಣಿ ವಾರಕ್ಕೊಂದೇ ಸಲ, ಅದು ಹನ್ನೆರಡಕ್ಕೆ ಹೊರಡುವುದಿತ್ತು.

"ನನಗೂ ಯಾಕೋ ಸರಿ ಅನಸವಲ್ದು," ಎಂದರು ಎಸ್ತರ್ ಸಿಸ್ಟರ್. "ನಿನ್ನಿಯಿಂದ ಗಂಜಿ ಮುಟ್ಟಿಲ್ಲ. ಆದ್ರ ಮಾತ್ರೆ ಕೊಟ್ಟೇವಲ್ಲ, ಮೈ ತಣ್ಣಗೈತಿ. ಪಟ್ಟೀನೂ ಒಣಗೇತಿ ಮ್ಯಾಲೆ."

ಡಾಕ್ಟರ್ ಇನಾಮದಾರರು ಬಾಗಿಲಲ್ಲಿ ನಿಂತು ಗಡಿಯಾರ ನೋಡಿದರು. "ಮೇಡಂ, ಫಾರ್ಮು ನಿಮ್ಮದ. ಒಂದು ಫಾರ್ಮು ಸುಳ್ಳಂದ್ರ ಮೂವತ್ತೂ ಸುಳ್ಳು, ವಿಚಾರ ಮಾಡ್ರಿ. ಸಂಶೋಧನಾ ಅಲ್ಲಿಗೇ ಮುಗೀತು, ಗುರುಪಾದನ ಬುಕ್ಕು ಕಾಯಂ."

"ಮುಗಿಯಲಿ," ಎಂದೆ. "ಇದು ಸುಳ್ಳು."

"ಹಂಗಂದ್ರ ಆಕಿ ಬಾಯಿಂದ ಬರ್ಲಿ. ನಿಮ್ಮ ಅನುಮಾನದ ಮ್ಯಾಲೆ ಹೊಲಿಗಿ ಬಿಚ್ಚಾಕ ಆಗಂಗಿಲ್ಲ."

ನಾನು ಹಾಸಿಗೆಯ ಹತ್ತಿರ ಕೂತೆ. "ನೀವು ಈಗ ಪೂರ್ತಿ ಆರಾಮಾಗಿದ್ದೀರಿ," ಎಂದೆ.

"ಹೂಂ ರೀ."

"ನಿನ್ನೆ ವರಾಂಡದಲ್ಲಿ ಕುಣಿದಿರಿ."

"ಹೂಂ ರೀ."

"ಈ ಡಾಕ್ಟರ್ ನಿಮ್ಮ ಅಜ್ಜಿ."

ಅವಳು ಡಾಕ್ಟರರನ್ನು ಒಮ್ಮೆ ನೋಡಿದಳು. "ಹೂಂ ರೀ," ಎಂದಳು.

ಅವಳ ಅತ್ತೆ ಗಂಟಿನ ಮೇಲೆ ಕೂತು, "ನಮ್ಮ ಸೊಸಿ ಭಾಳ ಶಾಣ್ಯಾಕಿ ರೀ, ಒಂದಕ್ಕೂ ಎದುರು ಮಾತಾಡಂಗಿಲ್ಲ," ಎಂದು ಹೆಮ್ಮೆಯಿಂದ ಹೇಳಿದಳು.

ತನ್ನ ಬಗ್ಗೆ ಯಾರು ಏನೆಂದರೂ ತಿದ್ದುವಷ್ಟು ಬೆಲೆ ಕಸ್ತೂರಿ ತನಗೆ ಕೊಟ್ಟುಕೊಂಡಿರಲಿಲ್ಲ. ಅವಳು ತಿದ್ದಬೇಕಾದರೆ ಸುಳ್ಳು ಇನ್ನೊಬ್ಬರ ಬಗ್ಗೆ ಇರಬೇಕಿತ್ತು. ಮಗು ತೊಟ್ಟಿಲಲ್ಲಿ ಎದ್ದು ಬಾಯಿ ಆಡಿಸುತ್ತಿತ್ತು. ನಾಲ್ಕು ದಿನದಿಂದ ಅದನ್ನು ಎತ್ತಿ ಕೊಡುತ್ತಿದ್ದವಳು ಅತ್ತೆ. ಕಸ್ತೂರಿ ಎತ್ತಿದ್ದನ್ನು ನಾನು ನೋಡಿರಲಿಲ್ಲ. ನಾನು ಸ್ವಲ್ಪ ಹಿಂದಕ್ಕೆ ವಾಲಿ, ಗಿರಣಿಯಲ್ಲಿ ಜನ ಮಾತಾಡುವ ಹಾಗೆ, ಎಲ್ಲರಿಗೂ ಕೇಳುವಂತೆ ಹೇಳಿದೆ.

"ಈ ಕೂಸಿಗೆ ನೀ ಬ್ಯಾಡಾಗೀ ಬಿಡವಾ. ಹಡದಾಕಿ ಯಾರಂತ ಸುದ್ದ ಅದಕ್ಕ ಗೊತ್ತಿಲ್ಲ. ನಿನ್ನ ಹಾಲು ಅದಕ್ಕ ಸೇರಂಗಿಲ್ಲ. ನಿನಗೂ ಅದು ಬೇಕಾಗಿಲ್ಲ, ಅದಕ್ಕ ಮುಟ್ಟವಲ್ಲಿ."

ಕಸ್ತೂರಿ ತೊಟ್ಟಿಲ ಕಡೆ ನೋಡಿದಳು. ಬಾಯಿ ಹೂಂ ಎನ್ನಲು ಹೊರಟು ಅರ್ಧಕ್ಕೆ ನಿಂತಿತು.

"ಅಲ್ಲ," ಎಂದಳು.

ಸಣ್ಣ ದನಿ. ಅತ್ತೆ ತಿರುಗಿ ನೋಡಿದಳು.

"ಅಲ್ಲ! ಬೇಕಾಗೇತಿ! ನನಗ ಬೇಕಾಗೇತಿ, ನಾ ಹಡದೀನಿ ಅದನ್ನ! ಎತ್ತಾಕ ಹೋದ್ರ ಇಲ್ಲೆ, ಇಲ್ಲೆ ಒಳಗ ಕೆಂಡ ಹಾಕಿದಂಗ ಆಗತೈತಿ, ಕೈ ಬಿಡತೈತಿ, ಬೀಳಸ್ತೀನಿ ಅಂತ ಅಂಜಿ ಎತ್ತವಲ್ಲೆ. ಎರಡು ದಿನ ಆತು. ನೀ ಯಾರ ನನಗ ಹೇಳಾಕಿ! ನೀ ಹಡದಿಲ್ಲ, ಏನಿಲ್ಲ!"

ಅವಳ ಕೈ ಹೊಲಿಗೆಯ ಬಲ ತುದಿಯ ಮೇಲಿತ್ತು. ಡಾಕ್ಟರು ಬಂದು ಅಲ್ಲಿ ಎರಡು ಬೆರಳಿಟ್ಟರು. ಅವಳು ಕಿರುಚಿದ್ದು ದೋಣಿಗಟ್ಟೆಗೂ ಕೇಳಿಸಿರಬೇಕು. ಒಳಗೆ ಕೀವು ಕಟ್ಟಿತ್ತು. ಹನ್ನೆರಡು ಗಂಟೆಗೆ ದೋಣಿ ಹೊರಟಾಗ ಕಸ್ತೂರಿ ಆಪರೇಷನ್ ಕೋಣೆಯಲ್ಲಿದ್ದಳು. ಇನ್ನೆರಡು ದಿನ ಹೋಗಿದ್ದರೆ ಹೆಣ ಎಂದು ಎಸ್ತರ್ ಸಿಸ್ಟರ್ ಅವಳ ಅತ್ತೆಗೆ ಬಿಡಿಸಿ ಹೇಳಿದರು. ಅವಳು ಗಂಟು ಬಿಚ್ಚಿದಳು.

ಮಧ್ಯಾಹ್ನ ಡಾಕ್ಟರು ಕೈ ಒರೆಸಿಕೊಳ್ಳುತ್ತಾ ಗುರುಪಾದನ ಬುಕ್ಕು ತರಿಸಿದರು. ಹನ್ನೊಂದನೆಯ ಹಾಸಿಗೆಯ ಪುಟ ತೆಗೆದು ನಿಂತಲ್ಲೇ ಓದಿದರು.

"ನಾಕು ದಿನ. ಇಪ್ಪತ್ತೆಂಟು ಉತ್ತರ," ಎಂದರು. "ಎಡಗೆನ್ನಿ ಮ್ಯಾಲೆ ಮಚ್ಚಿ. ಎಡಗೆನ್ನಿ ಮ್ಯಾಲೆ ಮಚ್ಚಿ. ನಾಕು ಸಲ ಬರದೀ. ಅಲ್ಲೇ ಕಾಣತೈತಲ್ಲೋ ಅದು!"

"ತಾಳೆ ನೋಡಬೇಕಾಗತೈತಿ ಸರ್," ಎಂದ ಗುರುಪಾದ.

"ನಾಳೆಯಿಂದ ಹೆಸರು ಬರದು ಎಲ್ಲಾರ ಕೈಗೂ ಒಂದು ಚೀಟಿ ಕಟ್ಟು. ಬುಕ್ಕು ಸಾಕು." ಮೂವತ್ತು ವರ್ಷ ಈ ಉಪಾಯ ಯಾರಿಗೂ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ, ನಾನು ಇನ್ನೂರು ಪುಟ ಬರೆದವಳು. "ಮತ್ತ ಮೇಡಂ, ನಿಮ್ಮ ಸಂಶೋಧನಾ ಫೇಲ್. ಎಲ್ಲಾರಿಗೂ ಒಂದ ಫಾರ್ಮು ಅಂದಿದ್ದೆ. ಆ ಹುಡುಗಿಗೆ ಅಂದ ಮಾತನ್ನ ಮೂವತ್ತು ಮಂದಿಗೆ ಅಂದ್ರ ಆಸ್ಪತ್ರಿಗೆ ಬೆಂಕಿ ಹಚ್ಚತಾರ."

ಫೇಲ್ ಎಂದು ನಾನೇ ಬರೆದುಕೊಟ್ಟೆ. ಇಪ್ಪತ್ತೊಂಬತ್ತು ಸರಿ, ಒಂದು ತಪ್ಪು, ತಪ್ಪು ನನ್ನದು.

ಗುರುಪಾದ ಬಾಗಿಲವರೆಗೆ ಹೋಗಿ ತಿರುಗಿ ಬಂದ. "ಸರ್, ಚೀಟಿನ್ಯಾಗ ಮಚ್ಚಿ ಎಲ್ಲಿ ಬರೀಲಿ?" ಎಂದು ಕೇಳಿದ. ಡಾಕ್ಟರು ಬಿಕ್ಕಳಿಸಿದರು. ಅದು ನಿಜವಾದದ್ದೋ ಬೇಕೆಂದೇ ತಂದುಕೊಂಡದ್ದೋ ಯಾರಿಗೂ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಹನ್ನೊಂದನೆಯ ಹಾಸಿಗೆಗೆ ಹೋದೆ. ಕಸ್ತೂರಿ ದಿಂಬಿಗೆ ಒರಗಿದ್ದಳು. ಮಣಿಕಟ್ಟಿನಲ್ಲಿ ಚೀಟಿ ಇತ್ತು, ಮಗು ಮಗ್ಗುಲಲ್ಲಿತ್ತು. ಅವಳ ಏಳೂ ಉತ್ತರಗಳು ಹಾಗೇ ಇದ್ದವು. ನಾನು ಹಾಳೆ ಪೆನ್ನು ತೆಗೆದು ಮೊದಲ ಪ್ರಶ್ನೆಯನ್ನು ಮನಸ್ಸಿನಲ್ಲಿ ಇನ್ನೊಮ್ಮೆ ತೂಗಿ ನೋಡುತ್ತಿದ್ದೆ. ಅವಳು ನನಗಿಂತ ಮೊದಲು ಕೇಳಿದಳು.

"ನಿನ್ನಿ ಯಾಕ ಹಂಗಂದ್ರಿ?"

ಯಾರಾದರೂ ನನ್ನನ್ನು ಏನಾದರೂ ಕೇಳಿ ಬಹಳ ದಿನವಾಗಿತ್ತು. ಗಂಡ ಸತ್ತವಳಿಗೆ ಜನ ಹೇಳುತ್ತಾರೆ, ಕೇಳುವುದಿಲ್ಲ. ದಿನದ ಏಳೂ ಹಾಗೆಯೇ ಉಳಿದು ಹೋಗುತ್ತಿದ್ದವು.

"ಬೇರೆ ಏನೆಂದರೂ ನೀವು ಹೂಂ ಅಂತಿದ್ರಿ," ಎಂದೆ.

"ಅಂಥಾ ಮಾತು ಯಾರ ಕಲಿಸಿದ್ರು?"

"ಅತ್ತೆ."

"ಮನ್ಯಾಗ ಮತ್ತ ಯಾರದಾರ?"

"ಯಾರೂ ಇಲ್ಲ. ನನ್ನ ಗಂಡ ಇದೇ ಆಸ್ಪತ್ರೆಯಲ್ಲಿ ತೀರಿಕೊಂಡ."

ಅವಳು ಮಗುವಿನ ಕಾಲು ಮುಚ್ಚಿದಳು. "ಎಷ್ಟು ದಿನ ಆತು?"

"ಒಂಬತ್ತು ತಿಂಗಳು."

"ನೀವು ಅತ್ರೇನು?"

"ಇಲ್ಲ."

"ಅವ್ರು ಹೆಂಗಿದ್ರು?"

ಎತ್ತರ ಇದ್ದ ಎಂದೆ. ಹೋದಲ್ಲೆಲ್ಲ ಚಪ್ಪಲಿ ಕಳೆದುಕೊಂಡು ಬರುತ್ತಿದ್ದ, ಕೆಲವು ಸಲ ಬೇರೆಯವರದನ್ನು ಹಾಕಿಕೊಂಡು ಬರುತ್ತಿದ್ದ. ಹಾಡಲು ಬರುತ್ತಿರಲಿಲ್ಲ, ಆದರೂ ಹಾಡುತ್ತಿದ್ದ. ಗಿರಣಿಯ ಸದ್ದಿಗೆ ತಾಳ ಹಾಕುತ್ತಿದ್ದ.

"ಹೆಂಗ ಹಾಡ್ತಿದ್ರು?"

ಹಾಡಿ ತೋರಿಸಿದೆ. ಎರಡು ಸಾಲು, ಅವನಷ್ಟೇ ಕೆಟ್ಟದಾಗಿ. ಮೂರನೆಯ ಹಾಸಿಗೆಯ ಅಜ್ಜಿ ಯಾರಿಗೋ ಸಂಕಟವಾಗಿದೆ ಎಂದುಕೊಂಡು ಸಿಸ್ಟರನ್ನು ಕೂಗಿದರು.

ಏಳು ಆಗಿದ್ದವು. ಒಂದರಲ್ಲೂ ಎರಡು ಪ್ರಶ್ನೆಗಳನ್ನು ತುರುಕಿರಲಿಲ್ಲ. ಒಂದರಲ್ಲೂ ಉತ್ತರವನ್ನು ಮೊದಲೇ ಬಚ್ಚಿಟ್ಟಿರಲಿಲ್ಲ. ಯಾವುದು ಯಾವುದರ ನಂತರ ಬರಬೇಕೋ ಹಾಗೇ ಬಂದಿದ್ದವು. ಕಸ್ತೂರಿ ಓದಿದ್ದು ಮೂರನೇ ಇಯತ್ತೆ. ಅವಳು ಎಣಿಸುವುದನ್ನು ಮರೆತು ನನ್ನ ಕಡೆ ಬಾಗಿ ಕೇಳಿದಳು.

"ಅಕ್ಕಾರ, ಈಗ ನೀವು ಆರಾಮ ಅದೀರಿಲ್ಲೋ?"

ನಾನು ಬಾಯಿ ತೆರೆದೆ. ಬಿಕ್ಕಳಿಕೆ ಬಂತು. ದೊಡ್ಡದು, ಹೊಟ್ಟೆಯೊಳಗಿಂದ ಎದ್ದು ಬಂದದ್ದು; ಪೆನ್ನು ಕೈಜಾರಿ ತೊಟ್ಟಿಲ ಕೆಳಗೆ ಉರುಳಿತು. ಕಸ್ತೂರಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಡೆಯಲಾಗಲಿಲ್ಲ. ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

"ನಗಸಬ್ಯಾಡ್ರೀ ಅಕ್ಕಾರ," ಎಂದಳು. "ಹೊಲಿಗಿ ಜಗ್ಗತಾವ."

ನಾನು ಬಗ್ಗಿ ಪೆನ್ನು ಹುಡುಕಿ ತೆಗೆದು ಬರೆದುಕೊಂಡೆ. ಹಾಸಿಗೆ ಹನ್ನೊಂದು. ನೋವು: ನಕ್ಕಾಗ ಮಾತ್ರ.